ಹಳೆಯ ಫುಟ್‌ಬಾಲ್ ಆಟಗಾರರ ಬಳಗ: ನರರೋಗ ವೈದ್ಯರಿಗೆ ಕೇಳಿ

ನವನಗರದ ಸದಸ್ಯೆ: ಡಾಕ್ಟರ್ ಸಾಹೇಬರೇ, ಅಪ್ಪನಿಗೆ 67. ಬೆಂಗಳೂರಿನ ತಂಡವೊಂದರಲ್ಲಿ ಹದಿನಾಲ್ಕು ವರ್ಷ ಡಿಫೆಂಡರ್ ಆಗಿದ್ದರು. ಎರಡು ವರ್ಷದಿಂದ ಹೆಸರುಗಳು ಮರೆಯುತ್ತಿದ್ದವು. ಈ ಎರಡು ವಾರದಿಂದ ಬೇರೆಯೇ ಮನುಷ್ಯರಾಗಿದ್ದಾರೆ. ನಿನ್ನೆ ನವನಗರದ ಬಸ್ ಬಿಟ್ಟು ಗದಗದ ಬಸ್ ಹತ್ತಿದರು. ಅಣ್ಣಿಗೇರಿಯಿಂದ ಕಂಡಕ್ಟರ್ ಫೋನ್ ಮಾಡಿದರು. ಚೆಂಡನ್ನು ತಲೆಯಿಂದ ಹೊಡೆದದ್ದೇ ಕಾರಣವೇ?

ಡಾಕ್ಟರ್: ಆ 'ಎರಡು ವಾರ' ನನಗೆ ಸರಿ ಕಾಣುತ್ತಿಲ್ಲ. ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ನಡಿಗೆ ಹೇಗಿದೆ?

ಗದಗದ ಸದಸ್ಯ: ಸಾಹೇಬರೇ, ನನಗೆ ಮೊಣಕಾಲು ನೋವು.

ಡಾಕ್ಟರ್: ಮೂಳೆ ವೈದ್ಯರನ್ನು ಕಾಣಿ.

ಬೆಟಗೇರಿಯ ಸದಸ್ಯ: ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿ. ಮರೆವಿಗೆ ಒಂದೆಲಗದ ರಸ, ಖಾಲಿ ಹೊಟ್ಟೆಗೆ, 21 ದಿನ. ತಪ್ಪದೇ ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಹತ್ತು ಜನರಿಗೂ ಬೇಡ, ಇಲ್ಲಿಗೂ ಬೇಡ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಕುತ್ತು. ಒಂದೆಲಗದ ಚಟ್ನಿ ಮಾಡಿಕೊಂಡು ಉಣ್ಣಿ, ಔಷಧಿಯೆಂದು ಹಂಚಬೇಡಿ.

ನವನಗರದ ಸದಸ್ಯೆ: ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ತಲೆಯ ಬುಗುಟು ಎರಡು ದಿನದಲ್ಲಿ ಇಳಿಯಿತು. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಅದರ ಮಾತ್ರೆಗಳಿವೆ. ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದರೂ ಅವರಿಗೆ ಗೊತ್ತಾಗುವುದಿಲ್ಲ.

ಡಾಕ್ಟರ್: ಅಕ್ಕಾವರೇ, ನಾಳೆ ಎನ್ನಬೇಡಿ. ಈಗಲೇ ತುರ್ತು ವಿಭಾಗಕ್ಕೆ ಕರೆದೊಯ್ದು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ. ವಯಸ್ಸಾದಂತೆ ಮಿದುಳು ತುಸು ಕುಗ್ಗಿ, ಅದರ ಮೇಲಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಅಷ್ಟಿಷ್ಟು ಪೆಟ್ಟಿಗೇ ಹರಿದು, ರಕ್ತ ವಾರಗಟ್ಟಲೆ ಜಿನುಗಿ ಮಿದುಳನ್ನು ಒತ್ತುತ್ತದೆ. ಸ್ಟೆಂಟ್ ಹಾಕಿದವರಿಗೆ ಕೊಡುವಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದೇ ಆಗಿದ್ದರೆ ಬುರುಡೆಗೆ ಸಣ್ಣ ತೂತು ಕೊರೆದು ರಕ್ತ ತೆಗೆಯುತ್ತಾರೆ. ಎಷ್ಟೋ ಜನ ಚೇತರಿಸಿಕೊಂಡು ಮನೆಗೆ ನಡೆದು ಹೋಗಿದ್ದಾರೆ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಚೀಟಿ ಸಮೇತ ಒಯ್ದು ತೋರಿಸಿ.

ಇನ್ನು ಚೆಂಡಿನ ಮಾತು. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2019ರಲ್ಲಿ 7,676 ಮಾಜಿ ಸ್ಕಾಟಿಷ್ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು. ಮಿದುಳು ಸವೆಯುವ ಕಾಯಿಲೆಗಳಿಂದ ಸತ್ತವರು ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು. ಡಿಫೆಂಡರ್‌ಗಳಿಗೆ ಅಪಾಯ ಅತಿ ಹೆಚ್ಚು, ಗೋಲ್‌ಕೀಪರ್‌ಗಳಿಗೆ ಅತಿ ಕಡಿಮೆ ಎಂದು 2021ರಲ್ಲಿ ಗೊತ್ತಾಯಿತು. ಎರಡು ವರ್ಷದ ಮರೆವಿಗೆ ಅದು ಕಾರಣವಿದ್ದೀತು. ಎರಡೇ ವಾರದಲ್ಲಿ ಮನುಷ್ಯನನ್ನು ಹೀಗೆ ಮಾಡುವುದಿಲ್ಲ.

ಧಾರವಾಡದ ಸದಸ್ಯ: ನಮ್ಮ ಚರ್ಮದ ಚೆಂಡು ಮಳೆಯಲ್ಲಿ ಕಲ್ಲಾಗುತ್ತಿತ್ತು. ಈಗಿನದ್ದು ಬಲೂನು.

ಹಾವೇರಿಯ ಸದಸ್ಯ: ಕಾಕಾ, ಒಣಗಿದ ಚೆಂಡಿನ ತೂಕ ಆಗಲೂ ಈಗಲೂ 410ರಿಂದ 450 ಗ್ರಾಂ. ಈಗಿನದ್ದು ನೀರು ಕುಡಿಯುವುದಿಲ್ಲ, ಆದರೆ ವೇಗವಾಗಿ ಬಂದು ಬಡಿಯುತ್ತದೆ.

ಧಾರವಾಡದ ಸದಸ್ಯ: ಹುಬ್ಬಳ್ಳಿಯ ನೆಹರು ಮೈದಾನದ ಕೆಸರಿನಲ್ಲಿ ಆಡಿದವನಿಗೆ ನೀನು ಗ್ರಾಂ ಲೆಕ್ಕ ಹೇಳುತ್ತೀಯಾ?

ಹಾವೇರಿಯ ಸದಸ್ಯ: ನೀವು ಬದಲಿ ಆಟಗಾರರ ಬೆಂಚು ಬಿಟ್ಟು ಎದ್ದದ್ದೇ ಇಲ್ಲವೆಂದು ನಮ್ಮಪ್ಪ ಹೇಳುತ್ತಿದ್ದರು.

ಉಣಕಲ್‌ನ ಸದಸ್ಯ: ನಾನು ಗೋಲ್‌ಕೀಪರ್. ಹಾಗಾದರೆ ಪಾರಾದೆನೇ?

ಗದಗದ ಸದಸ್ಯ: ಮೊಣಕಾಲಿನ ಎಕ್ಸ್-ರೇ ಹಾಕಿದ್ದೇನೆ, ನೋಡಿ.

ಲಕ್ಷ್ಮೇಶ್ವರದ ಸದಸ್ಯೆ: ಒಂಬತ್ತು ವರ್ಷದ ಮಗನಿಗೆ ಕೋಚ್ ದಿನವೂ ಮೂವತ್ತು ಸಲ ಹೆಡಿಂಗ್ ಮಾಡಿಸುತ್ತಾರೆ. ಸರಿಯೇ?

ಡಾಕ್ಟರ್: ಬೇಡ.

ಬೆಟಗೇರಿಯ ಸದಸ್ಯ: ಸ್ಕ್ಯಾನ್ ಎಂದರೆ ದುಡ್ಡು ಕೀಳುವ ದಂಧೆ. ಮೊದಲು ಒಂದೆಲಗ...

ಡಾಕ್ಟರ್: ಬಾಯಿ ಮುಚ್ಚಿಕೊಂಡಿರಿ. ನವನಗರದ ಅಕ್ಕಾವರು ಎಲ್ಲಿದ್ದಾರೆ?

ನವನಗರದ ಸದಸ್ಯೆ: ಆಟೋದಲ್ಲಿದ್ದೇವೆ. ಪಂದ್ಯ ಎಷ್ಟು ಗಂಟೆಗೆ ಎಂದು ಅಪ್ಪ ಕೇಳುತ್ತಿದ್ದಾರೆ.

ಗದಗದ ಸದಸ್ಯ: ಸಾಹೇಬರೇ, ಎಕ್ಸ್-ರೇ?