ಬೈಫಿಲಾರ್ ಕಾಯಿಲ್‌ನಿಂದ ಹೆಚ್ಚುವರಿ ಶಕ್ತಿ ನಿಜಕ್ಕೂ ಬರುತ್ತದೆಯೇ?

ತಾಮ್ರತಂತಿ:
ನಿಕೋಲಾ ಟೆಸ್ಲಾ ಅವರ 1894ರ ಪೇಟೆಂಟ್ ನೋಡಿಕೊಂಡು ಚಪ್ಪಟೆಯಾದ ಬೈಫಿಲಾರ್ ಕಾಯಿಲ್ ಸುತ್ತಿದ್ದೇನೆ. ಎರಡು ತಂತಿಗಳನ್ನು ಜೊತೆಯಾಗಿ ಸುತ್ತಿ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಿದ್ದೇನೆ. ಟ್ರಾನ್ಸಿಸ್ಟರ್ ಬ್ಯಾಟರಿಯಿಂದ ಬಿಟ್ಟು ಬಿಟ್ಟು ಕರೆಂಟ್ ಹರಿಸುತ್ತದೆ. ಕರೆಂಟ್ ಕಡಿದ ಕ್ಷಣ ಏಳುವ ಹೈವೋಲ್ಟೇಜ್ ಡಯೋಡ್ ದಾಟಿ ಎರಡನೇ ಬ್ಯಾಟರಿಗೆ ಸೇರುತ್ತದೆ. ರಾತ್ರಿಯಿಡೀ ಓಡಿಸಿ ನೋಡಿದರೆ, ಮೊದಲ ಬ್ಯಾಟರಿಯಲ್ಲಿ ಇಳಿದ ವೋಲ್ಟೇಜ್‌ಗಿಂತ ಎರಡನೆಯದರಲ್ಲಿ ಏರಿದ್ದೇ ಹೆಚ್ಚು. ಸಾಮಾನ್ಯ ಕಾಯಿಲ್‌ಗಿಂತ 2,50,000 ಪಟ್ಟು ಶಕ್ತಿ ಎಂದು ಪೇಟೆಂಟ್‌ನಲ್ಲೇ ಬರೆದಿದೆಯಲ್ಲ, ಅದಕ್ಕೇನು ಹೇಳುತ್ತೀರಿ?

ಅಳತೆಗೋಲು:
ಆ ಸಂಖ್ಯೆ ಪೇಟೆಂಟ್‌ನಲ್ಲಿ ಇರುವುದು ನಿಜ. ಆದರೆ ಅದರ ಹಿಂದಿನ ಸಾಲುಗಳನ್ನೂ ಓದಬೇಕು. 1000 ಸುತ್ತುಗಳ ಕಾಯಿಲ್‌ಗೆ 100 ವೋಲ್ಟ್ ಕೊಟ್ಟರೆ ಅಕ್ಕಪಕ್ಕದ ಸುತ್ತುಗಳ ನಡುವೆ 0.1 ವೋಲ್ಟ್ ವ್ಯತ್ಯಾಸ ಇರುತ್ತದೆ. ನೀವು ಸುತ್ತಿದ ರೀತಿಯಲ್ಲಿ ಸುತ್ತಿದರೆ ಅದು 50 ವೋಲ್ಟ್ ಆಗುತ್ತದೆ, ಅಂದರೆ 500 ಪಟ್ಟು. ಅಕ್ಕಪಕ್ಕದ ಸುತ್ತುಗಳು ಕೆಪಾಸಿಟರ್‌ನಂತೆ, ಅಂದರೆ ಚಾರ್ಜ್ ಶೇಖರಿಸುವ ಬಿಡಿಭಾಗದಂತೆ, ವರ್ತಿಸುತ್ತವೆ. ಕೆಪಾಸಿಟರ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ಅನುಗುಣ, ಹಾಗಾಗಿ 2,50,000. ಟೆಸ್ಲಾ ಹೇಳಿದ್ದು ಸುತ್ತುಗಳ ನಡುವೆ ಶೇಖರವಾಗುವ ಶಕ್ತಿಯ ಮಾತು, ಹುಟ್ಟುವ ಶಕ್ತಿಯ ಮಾತಲ್ಲ. ಶೇಖರವಾದದ್ದಷ್ಟೂ ನಿಮ್ಮ ಬ್ಯಾಟರಿಯಿಂದಲೇ ಬಂದದ್ದು. ಆಗ ಕೆಪಾಸಿಟರ್‌ಗಳು ದುಬಾರಿ; ಅವುಗಳ ಕೆಲಸವನ್ನು ಕಾಯಿಲ್‌ನಿಂದಲೇ ಮಾಡಿಸುವುದು ಅವರ ಉದ್ದೇಶವಾಗಿತ್ತು. ಅದೇ ಎಷ್ಟು ಸೊಗಸಾದ ಉಪಾಯ! ಅವರು ಹೇಳದೇ ಇದ್ದದ್ದನ್ನು ಅದಕ್ಕೆ ಅಂಟಿಸಬೇಕಾಗಿಲ್ಲ.

ಕಿಡಿ:
ಅಷ್ಟು ಸರಳವಾಗಿದ್ದರೆ ಟೆಸ್ಲಾ ಕಟ್ಟಿಸಿದ ವಾರ್ಡನ್‌ಕ್ಲಿಫ್ ಗೋಪುರವನ್ನು 1917ರಲ್ಲಿ ಕೆಡವಿದ್ದೇಕೆ? ಅದಕ್ಕೆ ಹಣ ಹಾಕಿದ್ದ ಬ್ಯಾಂಕರ್ ಜೆ. ಪಿ. ಮಾರ್ಗನ್ ಹಣ ನಿಲ್ಲಿಸಿದ್ದೇಕೆ? ಎಲ್ಲರಿಗೂ ಬಿಟ್ಟಿ ವಿದ್ಯುತ್ ಸಿಕ್ಕಿಬಿಟ್ಟರೆ ಮೀಟರ್ ಎಲ್ಲಿಡುವುದು ಎಂಬ ಭಯದಿಂದ ಅಲ್ಲವೇ?

ಹಳೆಕಡತ:
ಆ ಗೋಪುರ ಸಂದೇಶವನ್ನೂ ವಿದ್ಯುತ್ತನ್ನೂ ತಂತಿಯಿಲ್ಲದೆ ಕಳಿಸಲು ಕಟ್ಟಿದ್ದು. ಕಳಿಸುವುದು ಬೇರೆ, ಉತ್ಪಾದಿಸುವುದು ಬೇರೆ. 1899ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಟೆಸ್ಲಾ ಬಹಳ ಉದ್ದದ ಕಿಡಿಗಳನ್ನು ಹಾರಿಸಿದ್ದು ಸ್ಥಳೀಯ ವಿದ್ಯುತ್ ಕಂಪನಿ ಕೊಟ್ಟ ವಿದ್ಯುತ್ತಿನಿಂದ. ಬಿಟ್ಟಿ ಶಕ್ತಿಯ ಯಂತ್ರಗಳಿಗೆ ಪರೀಕ್ಷೆಯ ಅವಕಾಶವೇ ಸಿಗಲಿಲ್ಲ ಎಂಬುದೂ ಸರಿಯಲ್ಲ. ಒಳಹೋದದ್ದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ ಎಂದು ಜೋಸೆಫ್ ನ್ಯೂಮನ್ ಹೇಳಿಕೊಂಡ ಯಂತ್ರವನ್ನು 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅಳೆದು ನೋಡಿತು. ಪರೀಕ್ಷಿಸಿದ ಎಲ್ಲ ಸ್ಥಿತಿಗಳಲ್ಲೂ ಹೊರಬಂದದ್ದು ಒಳಹೋದದ್ದಕ್ಕಿಂತ ಕಡಿಮೆಯೇ ಇತ್ತು. ನೀರಿನಿಂದ ಕಾರು ಓಡಿಸುತ್ತೇನೆಂದ ಸ್ಟ್ಯಾನ್ಲಿ ಮೇಯರ್ ಅವರದು ವಂಚನೆ ಎಂದು 1996ರಲ್ಲಿ ಒಹಾಯೊ ನ್ಯಾಯಾಲಯ ತೀರ್ಪಿತ್ತು, ಹೂಡಿಕೆದಾರರ ಹಣ ಮರಳಿಸಲು ಹೇಳಿತು.

ತಾಮ್ರತಂತಿ:
ನಾನು ಯಾರ ಹಣವನ್ನೂ ಕೇಳುತ್ತಿಲ್ಲ. ನನ್ನ ಮೇಜಿನ ಮೇಲೆ ಕಂಡದ್ದಕ್ಕೆ ಉತ್ತರ ಬೇಕು. ಎರಡನೇ ಬ್ಯಾಟರಿಯ ವೋಲ್ಟೇಜ್ ಏರಿದ್ದು ಸುಳ್ಳೇ?

ಅಳತೆಗೋಲು:
ಸುಳ್ಳಲ್ಲ. ಆದರೆ ವೋಲ್ಟೇಜ್ ಎಂದರೆ ಶಕ್ತಿಯಲ್ಲ. ಚಾರ್ಜ್ ಮಾಡಿದ ಕೂಡಲೇ ಬ್ಯಾಟರಿ ಹೆಚ್ಚು ವೋಲ್ಟೇಜ್ ತೋರಿಸುತ್ತದೆ, ಕೆಲ ಗಂಟೆ ಬಿಟ್ಟರೆ ಇಳಿಯುತ್ತದೆ. ದಣಿದ ಬ್ಯಾಟರಿಯೂ ಲೋಡ್ ತೆಗೆದರೆ ತಾನಾಗಿ ಸ್ವಲ್ಪ ಏರುತ್ತದೆ. ಆದ್ದರಿಂದ ಬ್ಯಾಟರಿಗಳನ್ನು ಬಿಡಿ. ಒಂದೇ ಬಗೆಯ ಎರಡು ಸೂಪರ್ ಕೆಪಾಸಿಟರ್ (ಬಹಳ ಚಾರ್ಜ್ ಹಿಡಿಯುವ ಕೆಪಾಸಿಟರ್) ತನ್ನಿ, 10 ಫ್ಯಾರಡ್‌ನವು ಸಾಕು; ಫ್ಯಾರಡ್ ಎಂದರೆ ಕೆಪಾಸಿಟರ್‌ನ ಸಾಮರ್ಥ್ಯದ ಅಳತೆ. ಅದರಲ್ಲಿರುವ ಶಕ್ತಿ ಫ್ಯಾರಡ್ ಗುಣಿಸು ವೋಲ್ಟೇಜ್‌ನ ವರ್ಗ, ಅದರಲ್ಲಿ ಅರ್ಧ.

ಮೊದಲನೆಯದು 2.5 ವೋಲ್ಟ್‌ನಿಂದ 1.5ಕ್ಕೆ ಇಳಿಯಿತು, ಖಾಲಿ ಇದ್ದ ಎರಡನೆಯದು 1.7ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಕಳೆದದ್ದು 1 ವೋಲ್ಟ್, ಬಂದದ್ದು 1.7. ಲಾಭವಾಯಿತು ಎನ್ನಿಸುತ್ತದೆ. ಲೆಕ್ಕ ಹಾಕಿ: ಹೋದದ್ದು 20 ಜೂಲ್, ಸೇರಿದ್ದು 14.45 ಜೂಲ್. ಉಳಿದದ್ದು ತಂತಿ, ಡಯೋಡ್, ಟ್ರಾನ್ಸಿಸ್ಟರ್‌ಗಳಲ್ಲಿ ಬಿಸಿಯಾಗಿ ಹೋಯಿತು. ತುಂಬಿದ ಕಡೆ ಒಂದು ವೋಲ್ಟ್ ಇಳಿಯುವುದಕ್ಕೂ ಖಾಲಿ ಕಡೆ ಒಂದು ವೋಲ್ಟ್ ಏರುವುದಕ್ಕೂ ಅಷ್ಟು ಅಂತರವಿದೆ.

ಕಿಡಿ:
ಸಣ್ಣ ಶಕ್ತಿಯಲ್ಲಿ ಪರಿಣಾಮ ಕಾಣದೇ ಹೋಗಬಹುದು. ಹಳೆಯ ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್ ಕಳಚಿ ಜೋಡಿಸಿ ನೋಡಿ. ಟೆಸ್ಲಾ ಕಾಯಿಲ್ ಎಂಬ ಹೈವೋಲ್ಟೇಜ್ ಸಾಧನದ ಕಿಡಿಯನ್ನು ಜನ ಕೈಯಲ್ಲೇ ಹಿಡಿಯುತ್ತಾರೆ, ಹೈವೋಲ್ಟೇಜ್ ಚರ್ಮದ ಮೇಲಷ್ಟೇ ಹರಿಯುತ್ತದೆ.

ಬೆರಳುಗುರುತು:
ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಆ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ, ಜೊತೆಗೆ ನೂರಾರು ಮಿಲಿಆಂಪಿಯರ್ ಹರಿಸಬಲ್ಲದು. ಹೃದಯದ ಲಯ ಕೆಡಲು ಅದರಲ್ಲಿ ಸ್ವಲ್ಪ ಭಾಗ ಸಾಕು. ಅದರಿಂದ ಮರದ ಮೇಲೆ ಚಿತ್ತಾರ ಸುಡಲು ಹೋಗಿ ಸತ್ತವರಿದ್ದಾರೆ. ಚರ್ಮದ ಮೇಲಷ್ಟೇ ಹರಿಯುತ್ತದೆ ಎಂಬುದೂ ತಪ್ಪು. ಟೆಸ್ಲಾ ಕಾಯಿಲ್‌ನ ಲಕ್ಷಾಂತರ ಹರ್ಟ್ಸ್ ಆವರ್ತನಕ್ಕೆ ನರಗಳು ಸ್ಪಂದಿಸುವುದಿಲ್ಲ, ಆದ್ದರಿಂದ ನೋವು ತಿಳಿಯುವುದಿಲ್ಲ. ಒಳಗೆ ಸುಡುವುದು ಸುಡುತ್ತಲೇ ಇರುತ್ತದೆ. ಅದರ ಪ್ರೈಮರಿ ಬದಿ, ಅಂದರೆ ವಿದ್ಯುತ್ ಒಳಬರುವ ಸುರುಳಿಯ ಕಡೆ, ಮುಟ್ಟಿದರಂತೂ ಪ್ರಾಣಕ್ಕೇ ಅಪಾಯ. ಹೈವೋಲ್ಟೇಜ್ ಕೆಪಾಸಿಟರ್ ಒಮ್ಮೆ ಖಾಲಿ ಮಾಡಿದರೂ ತಾನಾಗಿ ಮತ್ತೆ ಸ್ವಲ್ಪ ಚಾರ್ಜ್ ಹಿಡಿಯುತ್ತದೆ. ಅದರ ಎರಡು ತುದಿಗಳಿಗೂ ಸದಾ ರೆಸಿಸ್ಟರ್ ಕಟ್ಟಿರಬೇಕು.

ತಾಮ್ರತಂತಿ:
ಓವನ್ ಟ್ರಾನ್ಸ್‌ಫಾರ್ಮರ್ ಮುಟ್ಟುವುದಿಲ್ಲ. ಸೂಪರ್ ಕೆಪಾಸಿಟರ್ ಪ್ರಯೋಗ ಮಾಡುತ್ತೇನೆ. ಆದರೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಕಾಯಿಲ್ ಅನುರಣನಕ್ಕೆ (ರೆಸೊನೆನ್ಸ್, ಅಂದರೆ ತನ್ನದೇ ಸಹಜ ಆವರ್ತನದಲ್ಲಿ ಮಿಡಿಯುವ ಸ್ಥಿತಿಗೆ) ಬಂದಾಗ ಬೇರೆಯದೇ ಆಗಬಹುದು ಎಂದೇ ನನ್ನ ನಂಬಿಕೆ.

ಅಳತೆಗೋಲು:
ಅನುರಣನದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ, ಧಾರಾಳವಾಗಿ ಮಾಡಿ. ಎರಡು ಎಚ್ಚರ: ಟ್ರಾನ್ಸಿಸ್ಟರ್ ಅನ್ನು ನಿಯಂತ್ರಿಸುವ ತುದಿಯಾದ ಬೇಸ್‌ಗೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡಬೇಡಿ, ಅದೂ ಮೊದಲ ಕೆಪಾಸಿಟರ್‌ನಿಂದಲೇ ಬರಲಿ. ಎರಡನೆಯದು 2.5 ವೋಲ್ಟ್ ದಾಟುವ ಮೊದಲೇ ನಿಲ್ಲಿಸಿ. ಎರಡೂ ಕೆಪಾಸಿಟರ್‌ಗಳ ಮೊದಲಿನ ಮತ್ತು ಕೊನೆಯ ನಾಲ್ಕು ವೋಲ್ಟೇಜ್‌ಗಳನ್ನು ಇಲ್ಲಿ ಹಾಕಿ, ಲೆಕ್ಕ ಎಲ್ಲರೂ ಸೇರಿ ನೋಡೋಣ.