ಸಮಸ್ಯಾಪೂರಣ: ‘ತುಂಬಿದ್ದ ಹೊಟ್ಟೆಯೇ ಹಲ್ಲಿಯನು ಕೊಂದಿತೈ’

ಚಿಕ್ಕಮಗಳೂರು (ಪೃಚ್ಛಕ, ಅಂದರೆ ಸಮಸ್ಯೆ ಕೊಡುವವರು): ಕೊಟ್ಟಿರುವುದು ಪದ್ಯದ ನಾಲ್ಕನೆಯ ಪಾದ (ಸಾಲು). ಅದಕ್ಕೆ ಹೊಂದುವಂತೆ ಮೇಲಿನ ಮೂರನ್ನು ನೀವು ತುಂಬಬೇಕು, ಅದೇ ಪೂರಣ. ಪಾದಕ್ಕೆ ಐದೈದು ಮಾತ್ರೆಯ (ಉಚ್ಚಾರದ ಕಾಲದಳತೆ) ನಾಲ್ಕು ಗಣ (ಗುಂಪು). ಪ್ರಾಸ ‘ಂಬ’. ಅಜೀರ್ಣ ಎಂದಷ್ಟೇ ಹೇಳಿ ಜಾರಿಕೊಳ್ಳಬೇಡಿ, ಹೊಟ್ಟೆಯೊಳಗೆ ಏನಾಯಿತೆಂದು ಪದ್ಯವೇ ಹೇಳಲಿ.

ಸಕಲೇಶಪುರ:
ಅಂಬರದಿ ಮೋಡವಿರೆ ಬಿಸಿಲಿರದ ಮಾಗಿಯಲಿ
ಜಂಬದಲಿ ಜಿರಲೆಯನು ಚೆನ್ನಾಗಿ ಅಗಿದು ನುಂಗಿ
ಬೆಂಬಿಡದ ಚಳಿಯೊಳದು ಕರಗದೆಯೆ ಕೊಳೆಯುತಿರೆ
ತುಂಬಿದ್ದ ಹೊಟ್ಟೆಯೇ ಹಲ್ಲಿಯನು ಕೊಂದಿತೈ

ಬೇಲೂರು: ಕಲ್ಪನೆ ಸೊಗಸಾಗಿದೆ ಸಾರ್. ಎರಡನೆಯ ಪಾದದ ಕೊನೆಗೆ ಒಂದು ಮಾತ್ರೆ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕು ‘ಅಗಿದು’. ಹಲ್ಲಿಗೆ ಅರೆಯುವ ಹಲ್ಲೇ ಇಲ್ಲ. ದವಡೆಯ ಒಳಮಗ್ಗುಲಿಗೆ ಅಂಟಿಕೊಂಡ, ಹೆಚ್ಚುಕಡಿಮೆ ಒಂದೇ ಆಕಾರದ ಮೊನೆಹಲ್ಲುಗಳು ಹುಳವನ್ನು ಹಿಡಿದು ಜಜ್ಜುತ್ತವೆ, ಅಷ್ಟೆ. ಉಳಿದ ಕೆಲಸವೆಲ್ಲ ಜಠರದ ಆಮ್ಲ, ಕಿಣ್ವ, ಸ್ನಾಯುಗಳದ್ದು. ‘ಜಂಬದಲಿ ಜಿರಲೆಯನ್ನಿಡಿಯಾಗಿ ನುಂಗಿರಲು’ ಎಂದರೆ ಎರಡು ದೋಷವೂ ಹೋಗುತ್ತದೆ. ಮೂರನೆಯ ಪಾದಕ್ಕೆ ಮಾತ್ರ ಕೈ ಹಾಕಬೇಡಿ. ಮೈ ತಣ್ಣಗಾದರೆ ಕಿಣ್ವವೂ ಮಂದ, ಕರುಳಿನ ಚಲನೆಯೂ ಮಂದ. ನುಂಗಿದ ಹುಳ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ.

ಮೂಡಿಗೆರೆ: ಬಿಸಿಲು ಕಾಯುವುದು ಓತಿಕ್ಯಾತ. ಮನೆಹಲ್ಲಿ ಇರುಳಿನ ಜೀವಿ, ಕಾದ ಹೆಂಚು ಗೋಡೆಗಳ ಸಂದಿಯಿಂದ ಬಿಸಿ ಪಡೆಯುತ್ತದೆ. ಮೋಡವಿದ್ದರೆ ಹೆಂಚೂ ಕಾಯದು, ಹಾಗಾಗಿ ಮೊದಲ ಪಾದ ಹೇಗೋ ಪಾರು! ಆದರೆ ಚಳಿ ಹತ್ತಿದರೆ ಹಲ್ಲಿ ಮೇವು ಬಿಡುತ್ತದೆ, ಕೆಲವೊಮ್ಮೆ ನುಂಗಿದ್ದನ್ನು ಕಕ್ಕುತ್ತದೆ. ಹೊಟ್ಟೆ ತುಂಬಿದ ಮೇಲೆ ಚಳಿ ಬಿದ್ದರೇ ಅಪಾಯ. ನನ್ನ ಪೂರಣ, ಮರಳು ಹಾಸಿದ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಹಲ್ಲಿಯ ಮೇಲೆ:

ಹಂಬಲಿಸಿ ಹುಳವೊಂದ ಮರಳೊಡನೆ ನುಂಗಿರಲು
ಇಂಬಿರದ ಕರುಳಿನಲಿ ಗಂಟಾಗಿ ಸಿಕ್ಕಿರಲು
ಹಿಂಬದಿಯ ಬಾಗಿಲಲಿ ಮಲ ಹೊರಗೆ ಬಾರದಿರೆ
ತುಂಬಿದ್ದ ಹೊಟ್ಟೆಯೇ ಹಲ್ಲಿಯನು ಕೊಂದಿತೈ

ಬೇಲೂರು: ‘ನುಂಗಿರಲು’, ‘ಸಿಕ್ಕಿರಲು’ ಬೆನ್ನುಬೆನ್ನಿಗೆ ಬಂದು ಕಿವಿಗೆ ತುಸು ಸಪ್ಪೆ. ‘ಇಂಬಿರದ’ (ಜಾಗವಿಲ್ಲದ) ಮಾತ್ರ ಅಳತೆಗೆ ತಕ್ಕ ಮಾತು: ಹುಳ ತಿನ್ನುವ ಹಲ್ಲಿಯ ಕರುಳು ಗಿಡ್ಡ. ಸೊಪ್ಪು ತಿನ್ನುವ ದೊಡ್ಡ ಹಲ್ಲಿ ಇಗ್ವಾನಕ್ಕಾದರೆ ದೊಡ್ಡಕರುಳಲ್ಲಿ ಮಡಿಕೆಗಳಿದ್ದು, ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದರೆ ಮರಳಿನ ಗಂಟು ಇನ್ನೂ ಬೇಗ ಬಿಗಿಯುತ್ತದೆ.

ಚಿಕ್ಕಮಗಳೂರು (ಪೃಚ್ಛಕ): ಮೂಡಿಗೆರೆಯವರ ಪೂರಣವೇ ಮೇಲು. ‘ಹಿಂಬದಿಯ ಬಾಗಿಲು’ ಅಂದರೆ ಬಾಲದ ಬುಡದ ಅಡ್ಡ ಸೀಳು. ಅದರೊಳಗೆ ಕ್ಲೋಯಕಾ, ಅಂದರೆ ಮಲ, ಮೂತ್ರ, ಮೊಟ್ಟೆ ಎಲ್ಲವೂ ಬಂದು ಸೇರುವ ಚೀಲ. ಅದಕ್ಕೆ ಮೂರು ಕೋಣೆ: ಮೊದಲನೆಯದಕ್ಕೆ ಮಲ, ಎರಡನೆಯದಕ್ಕೆ ಮೂತ್ರನಾಳ ಮತ್ತು ಅಂಡನಾಳ, ಮೂರನೆಯದು ಹೊರದಾರಿ. ಗೋಡೆಯ ಮೇಲಿನ ಹಿಕ್ಕೆಯ ಕಪ್ಪು ಭಾಗ ಕರುಳಿನದು, ತುದಿಯ ಬಿಳಿ ಮೂತ್ರಪಿಂಡದ ಯೂರಿಕ್ ಆಮ್ಲ.

ಮುಂದಿನ ಸಮಸ್ಯೆ ಅಲ್ಲಿಂದಲೇ, ಪ್ರಾಸ ‘ಂದ’:
‘ಒಂದೆ ಬಾಗಿಲಿನಿಂದ ಕಸ ಬಂತು, ಶಿಶು ಬಂತು’