ಪೀಣ್ಯದ ಶೆಡ್ ಮುಚ್ಚಲೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಪತ್ರ: ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ಹಿಡಿದು ಹದಿನಾಲ್ಕು ವರ್ಷದಿಂದ ಜಾಬ್‌ವರ್ಕ್ (ಕಂಪನಿಗಳ ಆರ್ಡರ್‌ಗೆ ಬಿಡಿಭಾಗ ಮಾಡಿಕೊಡುವ ಕೆಲಸ) ಮಾಡುತ್ತಿದ್ದೇನೆ. ಲೋಹ ಕಡೆಯುವ ಮೂರು ಲೇತ್, ಸಾಲದಲ್ಲಿ ತಂದ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ಐದು ಜನ ಕೆಲಸಗಾರರು. ಆರ್ಡರ್ ಅರ್ಧಕ್ಕಿಳಿದಿದೆ. ಮುಕ್ಕಾಲು ಪಾಲು ಕೆಲಸ ಕೊಡುವ ಕಂಪನಿಯವರು ನಾಲ್ಕು ತಿಂಗಳಿಂದ ಬಿಲ್ ಹಣ ಕೊಟ್ಟಿಲ್ಲ. ಬ್ಯಾಂಕಿನ ಎರಡು ಕಂತು ಬಾಕಿ ಬಿದ್ದಿದೆ. ಸಿಎನ್‌ಸಿ ಮಾರಿ, ಶೆಡ್ ಬಿಟ್ಟು, ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳಲೇ? ಮನೆಯಲ್ಲಿ ಇನ್ನೂ ಹೇಳಿಲ್ಲ.

* * *

ತಮ್ಮಾ, ನಿನ್ನ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳತೀನಿ. ಮನೆಯಲ್ಲಿ ಇವತ್ತೇ ಹೇಳು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೂ ಇಂಥದೇ ವರ್ಕ್‌ಶಾಪ್. 2019ರಲ್ಲಿ ಗಾಡಿಗಳ ಮಾರಾಟ ಬಿದ್ದು ಬಿಡಿಭಾಗದ ಆರ್ಡರ್ ನಿಂತಾಗ ನಮ್ಮ ಮನೆಯವರು ಮೂರು ತಿಂಗಳು ಬಾಯಿ ಬಿಡಲಿಲ್ಲ. ನಡುರಾತ್ರಿ ಎದ್ದು ಕೂತಿರುತ್ತಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಕೈಸಾಲ ಆಗಿತ್ತು. ಅದನ್ನು ತೀರಿಸಲು ನನ್ನ ಬಳೆ ಹೋದವು. ಬಳೆ ಹೋದದ್ದಕ್ಕೆ ದುಃಖವಿಲ್ಲ. ಮೊದಲೇ ಹೇಳಿದ್ದರೆ ಆ ಸಾಲವೇ ಬೇಕಿರಲಿಲ್ಲ ಎಂಬ ಸಂಕಟ ಮಾತ್ರ ಇನ್ನೂ ಇದೆ.

ಆಮೇಲೆ ನಾನೇ ಲೆಕ್ಕದ ಪುಸ್ತಕ ಹಿಡಿದು ಕೂತೆ. ಮೆಷಿನ್ ಒಂದು ತಾಸು ಓಡಿದರೆ ಕರೆಂಟು, ಲೋಹ ಕತ್ತರಿಸುವ ಇನ್‌ಸರ್ಟು, ಬಾಡಿಗೆ, ಪಗಾರ, ಕಂತು ಎಲ್ಲ ಸೇರಿ ಎಷ್ಟು ಬೀಳುತ್ತದೆ ಅಂತ ಬರೆದೆ. ದೊಡ್ಡ ಗಿರಾಕಿಯ ಪೀಸ್‌ಗಳಲ್ಲಿ ಆ ಖರ್ಚು ಹುಟ್ಟಿದರೆ ಹೆಚ್ಚು ಅನ್ನುವಂತಿತ್ತು. ನಾಲ್ಕು ಕಾಸು ಉಳಿಯುತ್ತಿದ್ದದ್ದು ಅಪರೂಪಕ್ಕೆ ಬರುವ ರಿಪೇರಿ ಕೆಲಸದಲ್ಲಿ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಕಬ್ಬು ನುರಿಸುವುದು ಮುಗಿದ ಮೇಲೆ ದಸರೆ ಬರುವವರೆಗೂ ಅಲ್ಲಿ ಎಲ್ಲ ಬಿಚ್ಚಿ ದುರಸ್ತಿ ನಡೆಯುತ್ತದೆ. ಇಬ್ಬರೂ ಬೈಕಿನಲ್ಲಿ ಕಾರ್ಖಾನೆ ಕಾರ್ಖಾನೆ ಸುತ್ತಿದೆವು. ನಾಲ್ಕನೆಯ ಕಡೆ ಒಬ್ಬ ಫಿಟ್ಟರ್ ಸವೆದ ಗನ್‌ಮೆಟಲ್ ಬುಷ್ (ತಿರುಗುವ ಶಾಫ್ಟ್‌ಗೆ ಆಸರೆಯಾಗುವ ಲೋಹದ ಬಳೆ) ಕೈಗಿಟ್ಟು, ‘ಇಂಥದು ಬೇಕ್ರಿ, ನಾಡಿದ್ದಿಗೆ’ ಅಂದ. ಡ್ರಾಯಿಂಗ್ ಇಲ್ಲ. ಒಳಗೆ ಒಂದೇ ಬದಿಗೆ ಉಗುರು ಸಿಗುವಷ್ಟು ಸವೆದಿತ್ತು. ಮನೆಯವರು ಸವೆಯದ ಬದಿಗೆ ವರ್ನಿಯರ್ ಹಿಡಿದು ಅಳತೆ ತೆಗೆದರು. ಮರುದಿನ ರಾತ್ರಿಯೇ ಪೀಸ್ ಮುಟ್ಟಿಸಿದೆವು. ನಿಂತ ಮೆಷಿನ್ ಓಡಿಸಿಕೊಟ್ಟವರ ಹತ್ತಿರ ಯಾರೂ ಹೆಚ್ಚು ಚೌಕಾಸಿ ಮಾಡುವುದಿಲ್ಲ ಅಂತ ಅವತ್ತು ತಿಳಿಯಿತು.

ನಿನಗೆ ಹತ್ತಿರದಲ್ಲೇ ದೊಡ್ಡಬಳ್ಳಾಪುರದ ಮಗ್ಗಗಳಿವೆ, ತುಮಕೂರಿನ ಕಡೆ ರೈಸ್‌ಮಿಲ್ಲುಗಳಿವೆ. ಅವರಿಗೆ ಬೇಕಾಗುವುದು ಸಾವಿರಗಟ್ಟಲೆ ಪೀಸ್ ಅಲ್ಲ, ಎರಡೋ ಮೂರೋ. ಆದರೆ ತುರ್ತು ಇರುತ್ತದೆ. ವಾರಕ್ಕೊಂದು ದಿನ ಸ್ಯಾಂಪಲ್ ಚೀಲ ಹಿಡಿದು ಹೋಗು. ಯಾವ ಗಿರಾಕಿಯ ಕೆಲಸವೂ ಒಟ್ಟು ಕೆಲಸದ ಕಾಲು ಭಾಗ ದಾಟಬಾರದು ಅಂತ ನಮ್ಮಲ್ಲೀಗ ನೇಮ. ಅಕ್ಕ ಹೇಳಿದಳು ಅಂದುಕೋ.

– ವರ್ಕ್‌ಶಾಪ್ ಒಡತಿ, ಬೆಳಗಾವಿ

* * *

ಮಾನ್ಯರೇ, ಸಿಎನ್‌ಸಿ ಬ್ಯಾಂಕಿಗೆ ಹೈಪಾಥಿಕೇಷನ್ ಆಗಿರುತ್ತದೆ, ಅಂದರೆ ಮೆಷಿನ್ ನಿಮ್ಮ ಬಳಿಯೇ ಇದ್ದರೂ ಸಾಲಕ್ಕೆ ಅಡಮಾನ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ದಯವಿಟ್ಟು ಆ ತಪ್ಪು ಮಾಡಬೇಡಿ.

ಮೊದಲ ಕಂತು ತಪ್ಪಿದ ದಿನದಿಂದ ಎಣಿಸಿಕೊಂಡು ಬನ್ನಿ. ತೊಂಬತ್ತು ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿದಂತೆ. ನಿಮಗೆ ಉಳಿದಿರುವುದು ಕೆಲವೇ ವಾರ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದು ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ಒಂದು ಚೌಕಟ್ಟು ಕೊಟ್ಟಿದೆ. 25 ಕೋಟಿವರೆಗಿನ ಸಾಲಕ್ಕೆ ಅದು ಅನ್ವಯ. ಬ್ಯಾಂಕ್ ಕರೆಯಲೆಂದು ಕಾಯಬೇಕಿಲ್ಲ, ನೀವೇ ಅರ್ಜಿ ಕೊಡಬಹುದು. ಬ್ಯಾಂಕಿನ ಸಮಿತಿ ಕೂತು ನೋಡಿ, ಉದ್ಯಮ ಉಳಿಯುವಂಥದು ಅನ್ನಿಸಿದರೆ ಕಂತಿನ ಅವಧಿ ಹಿಗ್ಗಿಸಲು ದಾರಿಯಿದೆ. ಬರಬೇಕಾದ ಬಿಲ್‌ಗಳ ಪಟ್ಟಿ, ಕೈಯಲ್ಲಿರುವ ಆರ್ಡರ್, ಮುಂದಿನ ಆರು ತಿಂಗಳ ಆದಾಯ–ಖರ್ಚಿನ ಅಂದಾಜು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮೂವತ್ತೆರಡು ವರ್ಷ ಕೌಂಟರಿನ ಆಚೆ ಕೂತಿದ್ದವನು ನಾನು. ತಾವಾಗಿಯೇ ಬಂದು ಕಷ್ಟ ಹೇಳಿಕೊಂಡವರಿಗಾಗಿ ಮೇಲಧಿಕಾರಿಗಳ ಜೊತೆ ವಾದ ಮಾಡಿದ್ದೇನೆ. ಫೋನ್ ಎತ್ತದವರಿಗಾಗಿ ಏನೂ ಮಾಡಲಾಗಲಿಲ್ಲ. ಆ ಕೆಲವು ಮುಖಗಳು ಇವತ್ತಿಗೂ ನೆನಪಿಗೆ ಬರುತ್ತವೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

* * *

ಮಂಜೂರಾದ ಲೋಡ್ ಎಷ್ಟಿದೆ ಅಂತ ಕರೆಂಟ್ ಬಿಲ್‌ನಲ್ಲಿ ನೋಡಿ. ಮೆಷಿನ್ ಓಡದಿದ್ದರೂ ಅದರ ಮೇಲೆ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ. ಎರಡು ಲೇತ್ ಸುಮ್ಮನೆ ನಿಂತಿದ್ದರೆ ಲೋಡ್ ಇಳಿಸಲು ಅರ್ಜಿ ಕೊಡಿ.

– ಗೋಕುಲ ರೋಡ್, ಹುಬ್ಬಳ್ಳಿ

* * *

ನಿಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಆಗಿದೆಯೇ? ಪತ್ರದಲ್ಲಿ ಆ ಮಾತೇ ಇಲ್ಲ. ಆಗಿಲ್ಲದಿದ್ದರೆ ಇಂದೇ ಮಾಡಿಸಿ, ಸರ್ಕಾರದ ಪೋರ್ಟಲ್‌ನಲ್ಲಿ ಅದು ಉಚಿತ. ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಘಟಕದಿಂದ ಮಾಲು ತಗೊಂಡವರು, ಲಿಖಿತ ಒಪ್ಪಂದ ಇದ್ದರೂ, ಗರಿಷ್ಠ 45 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಅದು ಇಂಥ ಬಾಕಿಯ ತಕರಾರು ತೀರ್ಮಾನಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ಕೌನ್ಸಿಲ್ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕಂಪನಿ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು.

ದೂರು ಕೊಟ್ಟರೆ ಆರ್ಡರ್ ನಿಲ್ಲುತ್ತದೆ ಎಂಬ ಭಯ ನಿಮಗಿರುತ್ತದೆ. ಸಹಜ. ಅದಕ್ಕೇ ಮೊದಲು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ, ಬಿಲ್ ನಂಬರ್, ಚಲನ್ ನಂಬರ್ ಸಮೇತ ಒಂದು ವಿನಯದ ಪತ್ರ ಬರೆಯಿರಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ (1961ರ ಕಾಯ್ದೆಯಲ್ಲಿ ಅದು 43ಬಿ(ಎಚ್)) ಬಂದಿದೆ: ಅವಧಿ ಮೀರಿದ ಬಾಕಿಯನ್ನು ಮಾರ್ಚ್ 31 ದಾಟಿಸಿ ಉಳಿಸಿಕೊಂಡರೆ ಆ ಖರ್ಚನ್ನು ಕಂಪನಿಯವರು ಆ ವರ್ಷದ ಲೆಕ್ಕದಲ್ಲಿ ಕಳೆಯುವಂತಿಲ್ಲ. ಪರ್ಚೇಸ್‌ನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅಕೌಂಟ್ಸ್‌ನವರಿಗೆ ಚೆನ್ನಾಗಿ ಗೊತ್ತು. ಆ ಬಿಲ್‌ಗಳ ಜಿಎಸ್‌ಟಿಯನ್ನು ನೀವು ಆಗಲೇ ಕೈಯಿಂದ ಕಟ್ಟಿದ್ದೀರಿ ಅಲ್ಲವೇ? ನಿಮ್ಮ ಹಣ ಕೇಳಲು ಸಂಕೋಚ ಬೇಡ ಸಾರ್.

– ಲೆಕ್ಕಪತ್ರ ಸಲಹೆಗಾರ, ರಾಜಾಜಿನಗರ

* * *

ಸಾರ್, ನಾನು ಟರ್ನರ್, ಲೇತ್ ಓಡಿಸುವವನು. ಲಗ್ಗೆರೆಯಲ್ಲಿ ಮನೆ. ಹಿಂದೆ ನಾನಿದ್ದ ಶೆಡ್‌ಗೆ ಒಂದು ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋದರೆ ಷಟರ್‌ಗೆ ಬೇರೆ ಬೀಗ ಬಿದ್ದಿತ್ತು. ಓನರ್ ಒಳ್ಳೆಯವರೇ, ಹೇಳಲು ಮುಖ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿ, ಒಂದು ಮಾತು ಹೇಳಲಿಲ್ಲವಲ್ಲ ಅಂತ ನೋವಾಯಿತು. ಈಗಿರುವ ಕಡೆಯೂ ಕೆಲಸ ಕಡಿಮೆ. ಆದರೆ ಇಲ್ಲಿನ ಓನರ್ ನಮ್ಮನ್ನು ಕೂರಿಸಿ ಬಿಲ್‌ಗಳ ಫೈಲ್ ತೋರಿಸಿ ಎಲ್ಲಾ ಹೇಳಿದರು. ವಾರಕ್ಕೆ ನಾಲ್ಕು ದಿನ ಕೆಲಸ, ನಾಲ್ಕು ದಿನದ ಸಂಬಳ ಅಂತ ನಾವೇ ಒಪ್ಪಿಕೊಂಡೆವು. ಉಳಿದ ದಿನ ಒಬ್ಬ ಆಟೋ ಓಡಿಸುತ್ತಾನೆ, ನಾನು ಹಳೇ ಗಿರಾಕಿಗಳ ಹತ್ತಿರ ಓನರ್ ಪರವಾಗಿ ಆರ್ಡರ್ ಕೇಳಲು ಹೋಗುತ್ತೇನೆ. ಹೋದ ವಾರ ಒಂದು ಶಾಫ್ಟ್ ಕೆಲಸ ತಂದೆ. ನಿಮ್ಮ ಐದು ಜನಕ್ಕೂ ಹೇಳಿ ಸಾರ್. ಯಾವ ಶೆಡ್‌ನಲ್ಲಿ ಏನು ಕೆಲಸ ನಡೆಯುತ್ತಿದೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

– ಟರ್ನರ್, ಲಗ್ಗೆರೆ